ಒಳಗೆ ಜಾಗ ಇದೆ

ಆಯನೂರಿನಲ್ಲಿ ಹತ್ತಿದ ಆ ಹುಡುಗನಿಗೆ ಐದು ವರ್ಷವಿರಬಹುದು.
ಅಮ್ಮನ ವ್ಯಾನಿಟಿ ಬ್ಯಾಗನ್ನು ಹೆಗಲಿಗೆ ಅಡ್ಡ ಹಾಕಿಕೊಂಡು
ಬಸ್ಸಿನ ನಡುದಾರಿಯಲ್ಲಿ ನಿಂತು
ಹುಬ್ಬು ಗಂಟಿಕ್ಕಿ, ಮೂಗು ಹಿಗ್ಗಿಸಿ ಕೂಗಿದ:
"ಚಿಲ್ಲರೆ ಇಲ್ದಿದ್ರೆ ಯಾಕ್ ಹತ್ತುತ್ತೀರಿ?
ಒಳಗೆ ಹೋಗ್ರೀ, ಒಳಗೆ ಜಾಗ ಇದೆ!"
ಬಸ್ಸಿಗೆ ಬಸ್ಸೇ ನಕ್ಕಿತು.
ನಾನೂ ನಕ್ಕೆ, ವಿಸಿಲ್ ಹಲ್ಲಿಗೆ ತಾಗಿ ನೋವಾಯಿತು.

ಅದು ನನ್ನ ಹುಬ್ಬು. ನನ್ನ ಮೂಗು.
ಹದಿನಾರು ವರ್ಷದ ಸರ್ವೀಸಿನಲ್ಲಿ ಕನ್ನಡಿಗಳೇನು ಕಮ್ಮಿಯೆ,
ಡ್ರೈವರ್ ತಲೆಯ ಮೇಲೊಂದು, ಅಕ್ಕಪಕ್ಕಕ್ಕೆ ಎರಡು.
ಒಂದೂ ಹೇಳಿರಲಿಲ್ಲ.

ಆ ರಾತ್ರಿ ಹೊಸನಗರದಲ್ಲಿ ಹಾಲ್ಟ್.
ದುಡ್ಡು ಎರಡು ಸಲ ಎಣಿಸಿದೆ, ವೇಬಿಲ್ಲಿಗೆ ಸರಿ ಬಂತು.
ದಿನವೂ ಬರುತ್ತದೆ.
ಆದರೂ ಎದೆಯಲ್ಲೆಲ್ಲೋ ಏಳೆಂಟು ರೂಪಾಯಿ ಖೋತಾ ಬಿದ್ದ ಹಾಗೆ.
ಯಾವ ಸ್ಟೇಜಿನಲ್ಲಿ ಬಿತ್ತು, ಯಾರಿಗೆ ಹೆಚ್ಚು ಕೊಟ್ಟೆ?
ಅತ್ತೆಯ ಇನ್ಸುಲಿನ್ನಿಗೆ, ತಂಗಿಯ ಕೋರ್ಟು ಕೇಸಿಗೆ,
ಮಗಳ ಪಿಯುಸಿಗೆ ಹರಿದು ಹರಿದು ಕೊಟ್ಟೆ.
ಟಿಕೆಟ್ ರೋಲು ಮುಗಿಯುವ ಮೊದಲು ಕಾಣುವ ಗುಲಾಬಿ ಗೆರೆ
ನನ್ನಲ್ಲಿ ಕಂಡು ಎಷ್ಟು ದಿನವಾಗಿತ್ತೋ.

ಬೆಳಿಗ್ಗೆ ಐದೂಕಾಲು. ಹಾಲೇಶಪ್ಪ ಎಂದಿನಂತೆ ರಾಡು ಹಿಡಿದು
ಗಾಲಿ ಗಾಲಿಗೂ ತಟ್ಟುತ್ತ ಬಸ್ಸು ಸುತ್ತಿದ.
ಠಣ್ ಅಂದರೆ ಗಾಳಿ ಇದೆ. ದೊಪ್ ಅಂದರೆ ಇಲ್ಲ.
"ಕಣ್ಣಿಗೆ ಕಾಣಲ್ಲ ಗುತ್ಯಮ್ಮ. ಹಿಂದಿನ ಜೋಡಿಯಲ್ಲಿ
ಒಂದು ಸತ್ತಿದ್ರೂ ಇನ್ನೊಂದು ಹೊತ್ಕೊಂಡು ಓಡ್ತಿರ್ತದೆ.
ಅದೇ ಅಪಾಯ."
ಅವನು ಆಡಿದ್ದು ಗಾಲಿಯ ಮಾತು.
ನಾನು ಬಾಗಿಲ ಸರಳು ಹಿಡಿದು ನಿಂತೇ ಇದ್ದೆ.

ಅಂದಿನಿಂದ ನಾನೂ ತಟ್ಟಿ ನೋಡಿಕೊಳ್ಳುತ್ತೇನೆ.
ಮೊದಮೊದಲು ತಿಳಿಯಲಿಲ್ಲ, ಸದ್ದಿಗೆ ಕಿವಿ ಪಳಗಬೇಕು.
ಮುದುಕಿಯ ಆಧಾರ್ ಕಾರ್ಡನ್ನು ಕಿತ್ತುಕೊಂಡಂತೆ ಇಸಿದುಕೊಂಡರೆ
ದೊಪ್.
ಮಗಳು "ಅಮ್ಮಾ" ಅಂದಾಗ ನನ್ನ "ಏನು" ವಿಸಿಲಿನ ಹಾಗೆ ಬಂದರೆ
ದೊಪ್.
ಯಾರೂ ಏನೂ ಅನ್ನದೆ, ಸೂಡೂರು ಗೇಟು ದಾಟುವಾಗ
ಸುಮ್ಮನೆ ಕಣ್ಣು ತುಂಬಿದರೆ
ಅದಕ್ಕೆ ರಾಡು ಬೇಕಿಲ್ಲ.

ಗಾಳಿ ತುಂಬುವುದು ದೊಡ್ಡ ಕೆಲಸವಲ್ಲ, ದಿನವೂ ತುಂಬುವುದು ಕಷ್ಟ.
ರಿಪ್ಪನ್‌ಪೇಟೆಯಲ್ಲಿ ಬಸ್ಸು ಏಳು ನಿಮಿಷ ನಿಲ್ಲುತ್ತದೆ.
ಏಳೂ ನಿಮಿಷ ಕೂತು ಚಹಾ ಕುಡಿಯುತ್ತೇನೆ,
ಫೋನು ಬ್ಯಾಗಿನಲ್ಲಿ, ಬ್ಯಾಗು ತೊಡೆಯ ಮೇಲೆ.
ಡಬಲ್ ಡ್ಯೂಟಿಗೆ ಡಿಪೋದಿಂದ ಕರೆ ಬಂದರೆ, "ಆಗಲ್ಲ ಸಾರ್."
ಮೊದಲ ಸಲ ಕೈ ನಡುಗಿತ್ತು, ಜ್ವರ ಅಂತ ಸುಳ್ಳೊಂದು ಸೇರಿಸಿದ್ದೆ.
ಈಗ ಬರೀ ಆಗಲ್ಲ. ಜ್ವರ ಬಿಟ್ಟಿದೆ.

ಶಿವಮೊಗ್ಗದಲ್ಲಿ ಲೆಕ್ಕ ಒಪ್ಪಿಸಿ ನೆಟ್ಟಗೆ ಮನೆಗೆ ಹೋಗುವುದಿಲ್ಲ.
ಕೋರ್ಪಲಯ್ಯನ ಛತ್ರದ ಮೆಟ್ಟಿಲ ಮೇಲೆ ಶೂ ಬಿಚ್ಚಿ
ತುಂಗೆಗೆ ಕಾಲು ಇಳಿಬಿಟ್ಟು ಕೂರುತ್ತೇನೆ.
ಯೋಚಿಸಬಾರದು ಅಂದುಕೊಂಡದ್ದೆಲ್ಲ ಬರುತ್ತದೆ. ಬರಲಿ,
ಬಂದವಕ್ಕೆಲ್ಲ ಟಿಕೆಟ್ ಹರಿಯಲೇಬೇಕೆಂದಿಲ್ಲವಲ್ಲ.
ನೀರಿನಲ್ಲಿ ಕಾಲ್ಬೆರಳು ಬೆಳ್ಳಗೆ, ಯಾರದೋ ಮಗುವಿನವು ಅನ್ನುವಂತೆ.
ಸೇತುವೆಯ ಮೇಲೆ ಬಸ್ಸು ಹೋದರೆ ನಂಬರು ನೋಡುವುದಿಲ್ಲ.
ನೋಡುತ್ತೇನೆ. ಚಟ ಬಿಡಬೇಕಲ್ಲ.

ಹೋದ ತಿಂಗಳು ಅತ್ತೆ ಆಸ್ಪತ್ರೆ ಸೇರಿದಾಗ ಹನ್ನೊಂದು ದಿನ
ಮೆಟ್ಟಿಲೂ ಇಲ್ಲ, ಚಹಾವೂ ಇಲ್ಲ, ಮತ್ತೆ ಅದೇ ಹುಬ್ಬು.
ಹನ್ನೆರಡನೆಯ ದಿನ ರಿಪ್ಪನ್‌ಪೇಟೆಯ ಬೆಂಚಿಗೆ ನಾಚುತ್ತ ಹೋದೆ.
ಪಂಕ್ಚರ್ ಆದ ಗಾಲಿಗೆ ಹಾಲೇಶಪ್ಪ ಬಯ್ಯುವುದಿಲ್ಲ,
ಜಾಕ್ ಹುಡುಕುತ್ತಾನೆ.

ಮೊನ್ನೆ ಆ ಹುಡುಗ ಮತ್ತೆ ಹತ್ತಿದ.
ಆಟ ಆಡಲೋ ಬೇಡವೋ ಎಂದು ನನ್ನ ಮುಖ ನೋಡಿದ.
ವಿಸಿಲ್ ಒರೆಸಿ ಅವನ ಕೈಗಿಟ್ಟೆ. ಊದಲಿಲ್ಲ.
ನನ್ನ ಸೀಟಿನ ತುದಿಗೆ ಸರಿದು
ಪಕ್ಕದ ಜಾಗ ತಟ್ಟಿ, "ಕೂತ್ಕೋ" ಅಂದ.
ಇನ್ನೂ ಹದಿನಾಲ್ಕು ಟಿಕೆಟ್ ಬಾಕಿ ಇದ್ದವು.
ಕೂತೆ.