ಬರೆಯುತ್ತಿದ್ದಾರೆ

ಹ್ರಾಚಿಕ್ ಮಾವನಿಗೆ ಪರದೆ ಬೇಕಿರಲಿಲ್ಲ.
"ಇರೋ ಆ್ಯಪಿನಲ್ಲಿ ಮಾತು ಕಮ್ಮಿ, ಗದ್ದಲ ಜಾಸ್ತಿ" ಎಂದ,
ಗ್ಯುಮ್ರಿಯ ಸಂಗೀತಶಾಲೆಯ ನೆಲಮಾಳಿಗೆಯಲ್ಲಿ
ಹಳೇ ಪಿಯಾನೋದ ಎದೆ ತೆರೆದು ಕೂತು,
ಬೆರಳ ತುದಿಯಿಂದ ತಂತಿಯ ತುಕ್ಕು ಓದುತ್ತಾ.
"ಚಿತ್ರ ಬೇಡ, ನಗುಮುಖ ಬೇಡ, ಬಣ್ಣ ನನಗೇತಕ್ಕೆ?
ಬಂದದ್ದನ್ನು ಓದಿ ಹೇಳಲಿ, ಹೇಳಿದ್ದನ್ನು ಕಳಿಸಲಿ.
ಅಷ್ಟು ಮಾಡಿಕೊಡು ಅರ್ಪೆನಿಕ್,
ನಿಮ್ಮಮ್ಮನ ಪಿಯಾನೋಗೆ ಈ ವರ್ಷ ಕಾಸು ಕೇಳೋದಿಲ್ಲ."

ಪೈಥಾನ್, ಅದಕ್ಕೊಂದು ಲೈಬ್ರರಿ:
ಯಾರೋ ಯಾವೂರಲ್ಲೋ ನಿದ್ದೆಗೆಟ್ಟು ಹೊಸೆದು
ದಾರಿಬದಿಯ ಬಾವಿಗೆ ಹಗ್ಗ ಕಟ್ಟಿಟ್ಟ ಹಾಗೆ
ಬಿಟ್ಟು ಹೋದದ್ದು. ಒಂದು ಸಾಲಲ್ಲಿ ಕರೆದೆ, ಬಂತು.
ಮಾವನ ನಂಬರು ಕೊಟ್ಟೆ; ಅವನ ಜೇಬಿನ ಫೋನು
ಐದಂಕಿಯ ಗುಟ್ಟನ್ನು ಊರಿಗೇ ಕೇಳುವಂತೆ ಕೂಗಿತು.
ಸೆಷನ್ ಎಂಬ ಪುಟ್ಟ ಕಡತ ಹುಟ್ಟಿತು.
ಇನ್ನು ಲೋಕದ ಲೆಕ್ಕಕ್ಕೆ ಈ ಕೋಡೇ ಅವನು,
ಬಾಟ್ ಅಲ್ಲ, ಬಂಟನಲ್ಲ, ಸಾಕ್ಷಾತ್ ಹ್ರಾಚಿಕ್.
"ಇದನ್ನು ಕದ್ದವನು ನೀನೇ ಆಗಿಬಿಡುತ್ತಾನೆ, ಹುಷಾರು" ಎಂದೆ.
"ನನ್ನ ಬೆನ್ನುನೋವನ್ನೂ ಒಯ್ಯಲಿ" ಎಂದ.

ಪರೀಕ್ಷೆಗೆಂದು ಒಂದೇ ಉಸಿರಿಗೆ ನೂರು ಸಂದೇಶ ಹೊಡೆದೆ.
ಆತುರಗಾರಳಿಗೆ ಬುದ್ಧಿ ಮಟ್ಟ;
ಸರ್ವರು ಮುಖ ತಿರುಗಿಸಿತು:
ಮುನ್ನೂರ ಎಪ್ಪತ್ತೊಂದು ಸೆಕೆಂಡು ಕಾಯಿ.
ಕಾಯುವುದೇ ಈ ಭಾಷೆಯ ದೊಡ್ಡ ಕ್ರಿಯಾಪದ.
ನಾಲ್ಕು ಖಾಲಿ ಜಾಗ ಬಿಟ್ಟು, ಒಳಸರಿದು, ಅವೇಟ್.
ಮತ್ತೆ ನಾಲ್ಕು ಬಿಟ್ಟು, ಅವೇಟ್.
ಮಾವನೂ ತಂತಿ ಬಿಗಿದು ಹಾಗೇ ಬಿಟ್ಟೇಳುತ್ತಾನೆ:
"ರಾತ್ರಿ ಅದೇ ಚೂರು ಸಡಿಲವಾಗತ್ತೆ.
ನಾಳೆ ಕೇಳೋಣ."

ಮೂರನೇ ವಾರ ಕೇಳಿದ, ತಲೆ ಎತ್ತದೆ:
"ಆ ಕಡೆಯವರು ಬರೀತಾ ಇದ್ದು ಇನ್ನೂ ಕಳಿಸಿಲ್ಲದಾಗ
ನಿಮಗೆಲ್ಲ ಕಾಣತ್ತಂತೆ?"
ಹೌದು, ಮೂರು ಚುಕ್ಕಿ ಕುಣಿಯುತ್ತವೆ.
"ನನಗೂ ಬೇಕು. ಕುಣಿಯೋದು ಬೇಡ, ಕೇಳಬೇಕು."

ಹುಡುಕಿದರೆ ಲೈಬ್ರರಿಯ ಮೂಲೆಯಲ್ಲಿ ಅದೂ ಇತ್ತು:
ಆರು ಸೆಕೆಂಡಿಗೆ ಆರಿಹೋಗುವ ಸುದ್ದಿ,
ಬರೆಯುವ ಕೈ ನಿಲ್ಲದಿದ್ದರೆ ಮತ್ತೆ ಹೊತ್ತಿಕೊಳ್ಳುವುದು.
ಅದಕ್ಕೊಂದು ದನಿ ಕಟ್ಟಬೇಕು. ಗಂಟೆ?
"ಹೆಣ ಎತ್ತಿದ ಹಾಗಿದೆ." ಹನಿ?
"ನಲ್ಲಿ ಸೋರಿದ ಹಾಗಿದೆ."
ಕೊನೆಗೆ ತಾನೇ ಎದ್ದು ಕೆಳಗಿನ ಲಾ ತಂತಿಗೆ
ಉಣ್ಣೆಬಟ್ಟೆ ಹೊದಿಸಿ ಮನೆ ಒತ್ತಿದ:
ದುಬ್.
ನಾದವಲ್ಲ, ನಾದ ಮಗ್ಗುಲು ಬದಲಿಸಿದ ಸದ್ದು.
ಹಿಡಿದುಕೊಂಡೆ. ಎಂಟು ಸಾಲು ಕೋಡು.

ಫೆಬ್ರವರಿ. ಕಪ್ಪು ಟಫ್ ಕಲ್ಲಿನ ಗೋಡೆಗೆ ಹಿಮ ಕಚ್ಚಿತ್ತು.
ನಾನು ಪಿಯಾನೋ ಕೆಳಗೆ ಪ್ಲಗ್ ಹುಡುಕುತ್ತಿದ್ದೆ.
ದುಬ್.
ವರಾಜ್ದಾತ್, ಮಾರ್ಸೇ.
ಒಂದು ಜರ್ಮನ್ ಪಿಯಾನೋ ಮಾರಿದ ಲೆಕ್ಕಕ್ಕೆ
ಹನ್ನೊಂದು ವರ್ಷ ಮಾತು ಬಿಟ್ಟ ಜೊತೆಗಾರ.
"ನಾನು. ಹೊಸ ಯಂತ್ರದ ಪರೀಕ್ಷೆ" ಎಂದಷ್ಟೇ
ಮಾವ ಅವನಿಗೆ ಮಧ್ಯಾಹ್ನ ಕಳಿಸಿದ್ದನಂತೆ.
ದುಬ್. ನಿಂತಿತು. ದುಬ್, ದುಬ್.
ಕೀಲಿ ಹಿಡಿದ ಕೈ ಗಾಳಿಯಲ್ಲೇ ಉಳಿಯಿತು.

ನಲವತ್ತು ನಿಮಿಷ.
ಒಂದಕ್ಷರ ಬರಲಿಲ್ಲ.
ನನ್ನದೇ ತಪ್ಪಿರಬೇಕೆಂದು ಲಾಗ್ ತೆರೆದೆ:
ತಪ್ಪಿಲ್ಲ.
"ಅಳಿಸ್ತಾ ಇದ್ದಾನೆ" ಎಂದ ಮಾವ.
"ಅವನು ಯಾವತ್ತೂ ಹೀಗೇ, ಒಂದು ತಂತಿಗೆ ಇಡೀ ಮಧ್ಯಾಹ್ನ."
ಆಮೇಲೆ, ಅಂಗಡಿಯಲ್ಲಿ ಸಾಲ ಕೇಳುವವನ ಹಾಗೆ:
"ಏನೂ ಬರೀದೆ, ಬರೀತಾ ಇದೀನಿ ಅಂತ ಮಾತ್ರ
ಕಳಿಸೋಕೆ ಬರತ್ತಾ?"

ಬರುತ್ತದೆ. ಒಂದು ಸಾಲು, ನಾಲ್ಕು ಖಾಲಿ ಜಾಗ, ಅವೇಟ್.
ಒತ್ತುವ ಕೀ ಯಾವುದೆಂದು ಬೆರಳಿಗೆ ತೋರಿಸಿದೆ.
ಆ ಕಡೆಯ ದುಬ್ ತಟ್ಟನೆ ನಿಂತಿತು.
ಆರು ಸೆಕೆಂಡು.
ಮತ್ತೆ ಶುರುವಾಯಿತು, ಸ್ವಲ್ಪ ಬೇಗಬೇಗ.

ಏಪ್ರಿಲ್ ಬಂತು. ಇಬ್ಬರೂ ಇನ್ನೂ ಒಂದು ಪದ ಕಳಿಸಿಲ್ಲ.
ಅಮ್ಮನ ಪಿಯಾನೋ ಶ್ರುತಿ ತಪ್ಪಿಯೇ ಇದೆ;
ಕೇಳಹೋದರೆ ಮಾವನಿಗೆ
ಸಂಜೆಗಳು ಬಿಡುವಿಲ್ಲವಂತೆ.