ಹಿತ್ತಿಲ ಬಾಗಿಲಿಗೆ ಹನ್ನೊಂದು ಬಾಟಲಿ

ಹನ್ನೊಂದು ಬಾಟಲಿ. ಎಣಿಸಿಯೇ ಇಟ್ಟದ್ದು.
ಬಾರ್ಲಿ ಚಹಾದ್ದು ಏಳು, ಸೋಯಾ ಸಾಸಿನದು ಮೂರು,
ಇನ್ನೊಂದು, ತೊಕುಜಿ ಕದ್ದು ಕುಡಿದು
ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದ ಅಗ್ಗದ ಶೋಚುವಿನದು.
ಕುತ್ತಿಗೆವರೆಗೆ ನೀರು ತುಂಬಿ
ಗೋಡೆಗುಂಟ ನಿಲ್ಲಿಸಿದರೆ
ಬಿಸಿಲು ಒಳಹೊಕ್ಕು ಹೊಳೆಯುತ್ತದಂತೆ,
ಹೊಳಪಿಗೆ ಬೆಕ್ಕು ಹೆದರುತ್ತದಂತೆ.
ಅಂತೆಕಂತೆಗಳ ಊರು ನಮ್ಮದು,
ಶಿಕೋಕುವಿನ ಕಡಲಿಗೆ ಬೆನ್ನು ಕೊಟ್ಟು
ಗುಡ್ಡ ಹತ್ತುವ ಕೇರಿ.
ಮನೆಗಿಂತ ಮೆಟ್ಟಿಲು ಹೆಚ್ಚು,
ಮೆಟ್ಟಿಲಿಗಿಂತ ಬೆಕ್ಕು.

ಕಸುಬು ಚಾಪೆಯದು.
ಹಸಿ ಜೊಂಡಿನ ವಾಸನೆ ಹಿಡಿದು
ಗಿರಾಕಿಗಿಂತ ಮೊದಲು ಬರುತ್ತದೆ
ಮೊಂಡುಬಾಲದ ಆ ಕಂದು ಹೆಣ್ಣು ಬೆಕ್ಕು.
ಹೊಸ ತತಾಮಿಯ ಮೇಲೆ ಮುಂಗಾಲು ಚಾಚಿ
ಪರ ಪರ ಪರ.
ಮೂರು ದಿನದ ಕೂಲಿ, ಮೂರೇ ಗೀರು.
ಬೌದ್ಧ ಮಠದವರು ಹೇಳಿಹೋಗಿದ್ದ ಹದಿನೆಂಟರಲ್ಲಿ ಒಂದು.
ತೊಕುಜಿ ಬೈಯಲಿಲ್ಲ. ದಬ್ಬಣ ಕೆಳಗಿಟ್ಟು
ಬೀಡಿಯಂಥ ಸಿಗರೇಟು ಹಚ್ಚಲು ಹೊರಗೆ ಹೋದ.
ಅವನ ಸಿಟ್ಟೆಲ್ಲ ಹಾಗೇ,
ನನ್ನ ಪಾಲಿಗೆ ಬಿಟ್ಟುಹೋಗುವಂಥದು.

ಏನೇನು ಮಾಡಲಿಲ್ಲ!
ಕಿತ್ತಳೆ ಸಿಪ್ಪೆ ಹರಡಿದೆ, ಅದರ ಮೇಲೆಯೇ ಮಲಗಿತು.
ವಿನೆಗರ್ ಚಿಮುಕಿಸಿದೆ, ಮೂಗು ಮುಚ್ಚಿಕೊಂಡವರು ನಾವು.
ನೂರು ಯೆನ್ನಿನ ಪ್ಲಾಸ್ಟಿಕ್ ಮುಳ್ಳುಹಾಸು ತಂದೆ,
ಕತ್ತಲಲ್ಲಿ ಮೊದಲು ತುಳಿದವನು ತೊಕುಜಿ.
ಜಾರುಬಾಗಿಲಿಗೆ ಕೋಲು ಅಡ್ಡಗೊಟ್ಟೆ,
ಆಗಸ್ಟ್ ಸೆಕೆಗೆ ಆ ಕೋಲನ್ನು ನಾನೇ ತೆಗೆದೆ.
ಒಂದು ಗೇಣು ಸಂದು, ಗಾಳಿಗೆಂದು.
ಗಾಳಿ ಬರಲಿಲ್ಲ.

ಆಮೇಲೆ ಬಾಟಲಿ.

ಮಿತ್ಸುಯೆ ಮೇಲಿನ ಮನೆಯವಳು.
ಮದುವೆಗೆ ಮುಂಚೆ ಒಣಮೀನಿನ ಶೆಡ್ಡಿನಲ್ಲಿ
ನನ್ನ ಪಕ್ಕ ಕೂತು ಸಣ್ಣ ಮೀನು ಆರಿಸಿದವಳು.
ದಿನಾ ನಾಲ್ಕಕ್ಕೆ, ಹಿತ್ತಿಲಿಂದ,
"ಇದ್ದೀಯಾ?" ಮುಗಿಯುವ ಮೊದಲೇ ಒಳಗೆ.
ಒಂದು ಚಪ್ಪಲಿ ಬಿಟ್ಟು, ಒಂದು ಮೆಟ್ಟಿಯೇ
ಹೊಸ್ತಿಲಿಗೆ ಕುಂಡೆ ಊರಿ
ಕೇರಿಯ ಸುದ್ದಿ ಸುಲಿದು ಕೊಡುವಳು,
ಸಿಪ್ಪೆ ನನ್ನ ಅಂಗಳದಲ್ಲೇ ಬಿಟ್ಟುಹೋಗುವಳು.
ಏಪ್ರನ್ ಜೇಬಿನಲ್ಲಿ ಸದಾ ಮೀನಿನ ತಲೆ.
ಯಾರಿಗೆ ಅಂತ ನಾನು ಕೇಳಿದವಳಲ್ಲ,
ಅವಳು ಹೇಳಿದವಳೂ ಅಲ್ಲ.

ಬಾಟಲಿ ಇಟ್ಟ ದಿನ ಮೆಟ್ಟಿಲ ಮೇಲೆ ನಿಂತು ನೋಡಿದಳು.
"ಚೆನ್ನಾಗಿ ಜೋಡಿಸಿದ್ದೀಯ."
"ಹೌದಲ್ಲ," ಅಂದೆ.
ಮರುದಿನ ನಾಲ್ಕಾಯಿತು.
ಐದಾಯಿತು.

ಬೆಕ್ಕೇ? ಬಂತು.
ಐದನೆಯ ಆರನೆಯ ಬಾಟಲಿಯ ನಡುವಿನಿಂದ
ಮದುವೆಮನೆಗೆ ಬೀಗಿತ್ತಿ ಬಂದ ಹಾಗೆ,
ಅತ್ತಿತ್ತ ನೋಡದೆ.
ಆರನೆಯದಕ್ಕೆ ಮೈ ಉಜ್ಜಿತು ಕೂಡ.

ಮೊನ್ನೆ ಮಧ್ಯಾಹ್ನ ಸುಟ್ಟ ವಾಸನೆ.
ಬಾಟಲಿಯ ನೀರು ಬಿಸಿಲನ್ನು ಹೆಕ್ಕಿ ಚೂಪು ಮಾಡಿ
ಬಾಗಿಲ ಚೌಕಟ್ಟಿಗೆ ಬೊಟ್ಟಿಟ್ಟಿತ್ತು,
ಕಪ್ಪು, ಹೆಸರುಕಾಳಿನಷ್ಟು.
ತೊಕುಜಿ ಹೆಬ್ಬೆರಳಿಂದ ಸವರಿ
"ಮನೆ ಸುಟ್ಟರೆ ಬೆಕ್ಕು ಬರಲ್ಲ ಬಿಡು," ಅಂದ.
ಈ ವರ್ಷ ಅವನು ಆಡಿದ ಅತಿ ಉದ್ದದ ಮಾತು.

ಕಾಲು ಸುಟ್ಟ ಬೆಕ್ಕು ಈಗ ನಾನೇ.
ಅಡುಗೆಮನೆಯಿಂದ ಹಿತ್ತಿಲಿಗೆ,
ಹಿತ್ತಿಲಿಂದ ಅಡುಗೆಮನೆಗೆ.
ಅವಳ ಮನೆಗೆ ಹದಿನಾಲ್ಕು ಮೆಟ್ಟಿಲು.
ಹತ್ತಿ ಏನನ್ನಲಿ?
ಬಾಟಲಿ ಇಟ್ಟದ್ದು ನಿನಗಲ್ಲ ಅನ್ನಲೇ?
ಅಂದರೆ,
ಎಂದೋ ಒಮ್ಮೆ ಅಂದುಕೊಂಡಿದ್ದೆ ಅಂತಾಗುತ್ತದೆ.
ಅಂದುಕೊಂಡಿದ್ದೆನೇ?
ಕೆಲವು ನಾಲ್ಕು ಗಂಟೆಗಳಲ್ಲಿ,
ಕೈತುಂಬ ಕೆಲಸವಿದ್ದಾಗ.

ಇವತ್ತು ಮೂರೂವರೆಗೆ
ಒಂದೊಂದೇ ಬಗ್ಗಿಸಿ ಬದನೆ ಗಿಡಕ್ಕೆ ಹೊಯ್ದೆ.
ಹತ್ತು.
ಶೋಚುವಿನದನ್ನು ಇದ್ದಲ್ಲೇ ಬಿಟ್ಟೆ,
ಪೂರಾ ತೆಗೆದರೆ ಬೆಕ್ಕಿಗೆ ಸೋತಂತೆ ಕಾಣುತ್ತದೆ.
ಬಾಗಿಲನ್ನು ಎರಡು ಗೇಣು ಸರಿಸಿದೆ.
ಬೆಕ್ಕಿಗೆ ಅಷ್ಟು ಬೇಡ.
ಮಿತ್ಸುಯೆಗೆ ಅಷ್ಟು ಸಾಲದು.
ಇನ್ನೂ ಒಂದು ಗೇಣು ಸರಿಸಿದೆ.