ಕಾಲಂ ಏಳು: ಮಾತೃಭಾಷೆ

ಹೊಸೂರು ರಸ್ತೆಯ ಬಾಲಮಂದಿರದ ಮಹಡಿಯಲ್ಲಿ
ಮಧ್ಯಾಹ್ನದ ಸಾರಿನ ವಾಸನೆ ಇನ್ನೂ ಇಳಿದಿರಲಿಲ್ಲ,
ಮಹಿಳಾ ಪೇದೆ ತಂದು ನಿಲ್ಲಿಸಿದಳು.
ಒಂದು ಕಾಲಿಗೆ ಮಾತ್ರ ಚಪ್ಪಲಿ.
ಪತ್ರದಲ್ಲಿದ್ದದ್ದು ಇಷ್ಟು:
ಆಫ್ರಿಕಾ ಮೂಲದ ಹೆಣ್ಣುಮಗು, ಹೆಣ್ಣೂರು ಠಾಣೆ,
ತಾಯಿಯ ವೀಸಾ ಮುಗಿದಿದೆ, ರಕ್ಷಣೆ ಅಗತ್ಯ.

ಫಾರಂ ತೆಗೆದೆ. ಪೆನ್ನು ಝಾಡಿಸಿದೆ.
ಹೆಸರು ಅಬ್ಲಾ. ಪೇದೆ ಬರೆದು ತಂದದ್ದು ಅಬಲಾ.
ತಂದೆಯ ಹೆಸರಿಗೆ ಗೆರೆ.
ಜಾತಿಗೆ ಗೆರೆ ಎಳೆಯುವಾಗ ಕೈ ತಡೆಯಿತು,
ಹದಿನಾರು ವರ್ಷದಲ್ಲಿ ಆ ಕಾಲಂ ಖಾಲಿ ಬಿಟ್ಟವಳಲ್ಲ ನಾನು.
ಮಾತೃಭಾಷೆಗೆ ಬಂದು ಎಲ್ಲರೂ ನಿಂತೆವು.

ಸಮಿತಿಯ ಮೇಡಂ ಫೋನು ನೋಡಿ, ಘಾನಾ ಅಂದರೆ ಟ್ವಿ ಎಂದರು.
ದುಭಾಷಿ ಬರುವ ತನಕ ಮಗುವನ್ನು ಏನೂ ಕೇಳಕೂಡದು,
ಹೇಳಿಕೆ ಕೆಡುತ್ತದೆ.
ಸರಿಯೇ. ನಿಯಮ ಇರುವುದು ಮಕ್ಕಳ ಒಳಿತಿಗೇ.
ಮೂರು ದಿನ ಕೈಸನ್ನೆಯಲ್ಲೇ ಬಡಿಸಿದೆವು, ಕೈಸನ್ನೆಯಲ್ಲೇ ಮಲಗಿಸಿದೆವು.
ಎಣ್ಣೆ ಹಚ್ಚಲು ಹೋಗಿ ಆಯಾ ಸಾಕಮ್ಮನ ಬೆರಳು
ಆ ಸಣ್ಣ ಸಣ್ಣ ಜಡೆಗಳ ಕಾಲುದಾರಿಯಲ್ಲಿ ದಿಕ್ಕು ತಪ್ಪಿತು.

ನಾಲ್ಕನೆಯ ದಿನ ಕೊತ್ತನೂರಿನಿಂದ ಎರಡು ಬಸ್ಸು ಬದಲಿಸಿ
ಫಾರ್ಮಸಿ ಓದುವ ಹುಡುಗ ಬಂದ.
ಇಸ್ತ್ರಿ ಅಂಗಿ ಬೆನ್ನಿಗಂಟಿತ್ತು.
ಬಗ್ಗಿ, ಮೆಲ್ಲಗೆ, ತನ್ನ ಮಾತಲ್ಲಿ ಏನೋ ಕೇಳಿದ.
ಅವಳು ಅವನನ್ನು ನೋಡಿದಳು. ನನ್ನನ್ನು ನೋಡಿದಳು.
"ಏನಂತೆ ಇವಂದು? ಇದು ನಮ್ಮಮ್ಮನ ಭಾಷೆ ಅಲ್ಲ.
ಆಂಟೀ, ನಂಗೆ ಆ ಸೊಪ್ಪಿನ ಸಾರು ಬ್ಯಾಡ.
ಅವತ್ತೇ ಹೇಳೋಣ ಅಂದ್ರೆ ನೀವ್ಯಾರೂ ಮಾತೇ ಆಡಲ್ಲ,
ಮೂಗ್ರು ಅನ್ಕೊಂಡೆ."

ಸಾಕಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು.
ಏನು ಹೇಳಿದಳು, ಎಂದು ಹುಡುಗ ನನ್ನನ್ನೇ ಕೇಳಿದ.
ಹರುಕು ಇಂಗ್ಲಿಷಿನಲ್ಲಿ ಅವನಿಗೆ
ಸೊಪ್ಪಿನ ಸಾರು ವಿವರಿಸಿದೆ.
ಈ ಹೆಸರು ನಮ್ಮ ಕಡೆಯದಲ್ಲ, ಎಂದ ಅವನು,
ನಮ್ಮ ನದಿಯಾಚೆಯವರದು. ಮಂಗಳವಾರ ಹುಟ್ಟಿದವಳು ಅಂತ ಅರ್ಥ.
ಹುಟ್ಟಿದ ದಿನಾಂಕದ ಮುಂದೆ ಮಂಗಳವಾರ ಎಂದು ಬರೆದೆ.
ಮೇಡಂ ಹೊಡೆದು ಹಾಕಿದರು. ಬೌರಿಂಗ್‌ನಲ್ಲಿ
ಮಣಿಕಟ್ಟಿನ ಎಕ್ಸ್‌ರೇ ತೆಗೆದು ವಯಸ್ಸು ಹೇಳುತ್ತಾರಂತೆ.

ಸಂಜೆ ಗೇಟಿನ ತನಕ ಹಿಂದೆಯೇ ಬಂದಳು.
ಅಮ್ಮನಿಗೆ ಕನ್ನಡ ಬರುತ್ತಾ, ಕೇಳಿದೆ.
"ಊಹೂಂ. ಅಂಗಡೀಲಿ, ಓನರ್ ಹತ್ರ, ಎಲ್ಲಾ ನಾನೇ.
ಪೊಲೀಸ್ ಬಂದಾಗ್ಲೂ ನಾನೇ ಅಮ್ಮಂಗೆ ಹೇಳಿದ್ದು,
ಚಪ್ಪಲಿ ಹಾಕ್ಕೋಬೇಕಂತೆ, ಬೇಗ ಹಾಕ್ಕೋ, ಅಂತ."